ಹುಣಸೆಹಣ್ಣು ಹಾಕಿ ತಿಕ್ಕಿದ ಕ್ಯಾಮೆರಾ

ಹಳೇ ಕ್ಯಾಮೆರಾ ರಿಪೇರಿ ಮಾಡುವ ನನಗೆ ಹಿತ್ತಾಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ದೇವೀರಮ್ಮನ ಮನೆಯಲ್ಲಿ ಮುತ್ತಾತನ ಕಾಲದ ಹಿತ್ತಾಳೆ ಕ್ಯಾಮೆರಾ ದೀಪ, ಚೊಂಬುಗಳ ಸಾಲಿನಲ್ಲಿ ಫಳಫಳ ಹೊಳೆಯುತ್ತಿತ್ತು.

"ವರ್ಸಕ್ಕೊಂದ್ಸಲ ಬಿಚ್ಚಿ ಉಣಸೆಹಣ್ಣಾಕಿ ತಿಕ್ತೀನಿ ಕಣಪ್ಪ. ಗಾಜ ಸೆರಗಲ್ಲಿ ಒರೆಸ್ತೀನಿ."

ನಾನು ಕ್ಯಾಮೆರಾ ಕೈಗೆತ್ತಿಕೊಂಡೆ. "ಅಜ್ಜಿ, ಇದು ಚೊಂಬಲ್ಲ! ಮೊದಮೊದಲು ಜನ ಒಂದು ಫೋಟೊಗೆ ಎಷ್ಟೋ ನಿಮಿಷ ಕಲ್ಲಿನ ಹಾಗೆ ಕೂರಬೇಕಿತ್ತು. ನಾಲ್ಕು ಗಾಜು ಲೆಕ್ಕ ಹಾಕಿ ಜೋಡಿಸಿದ ಇಂಥ ಲೆನ್ಸು ಬಂದಮೇಲೆ ಅರ್ಧ ನಿಮಿಷ ಸಾಕಾಯ್ತು" ಎಂದು ಭಾಷಣ ಬಿಗಿದು, ನಾನೇ ಲೆನ್ಸು ಬಿಚ್ಚಿ, ಒರೆಸಿ, ಜೋಡಿಸಿದೆ.

ಅಜ್ಜಿಯನ್ನೇ ಜಗಲಿಯಲ್ಲಿ ಕೂರಿಸಿ ಕ್ಯಾಮೆರಾದೊಳಗೆ ನೋಡಿದರೆ ಮುಖ ನೀರಲ್ಲಿ ಕದಡಿದ ಹಾಗಿತ್ತು. ಲೆನ್ಸನ್ನು ಎಷ್ಟು ಹಿಂದೆಮುಂದೆ ಸರಿಸಿದರೂ ಅಷ್ಟೇ.

"ತಿಕ್ಕಿ ತಿಕ್ಕಿ ಹಾಳುಮಾಡಿದ್ದೀರಿ!" ಎಂದು ರೇಗಿದೆ.

ಅವರು ಎದ್ದುಹೋಗಿ ದೀಪದ ಪಕ್ಕದಿಂದ ಒಂದು ಹಿತ್ತಾಳೆ ಬಳೆ ತಂದರು. ಲೆನ್ಸು ಬಿಚ್ಚುವಾಗ ಅದು ಉರುಳಿಬಿದ್ದಿತ್ತು. ದೀಪದ್ದಿರಬೇಕೆಂದು ನಾನೇ ಅಲ್ಲಿಟ್ಟಿದ್ದೆ.

"ಇಂದ್ಗಡೆ ಎರಡು ಗಾಜ್ನ ಮಧ್ಯೆ ಇದ್ನ ಆಕ್ಬೇಕು. ನಮ್ಮತ್ತೆ ಯೋಳ್ಕೊಟ್ಟವ್ರೆ" ಎಂದು ತಾವೇ ಜೋಡಿಸಿ ಹೋಗಿ ಕೂತರು. ಈಗ ಸುಕ್ಕುಗಳನ್ನೂ ಎಣಿಸಬಹುದಿತ್ತು. ಫೋಟೊ ಕಾಗದ ಹಾಕಿ, ಅರ್ಧ ನಿಮಿಷ ಅಲ್ಲಾಡಬೇಡಿ ಎಂದೆ.

ಆ ಫೋಟೊ ನನ್ನ ಅಂಗಡಿಯಲ್ಲಿದೆ. ಕಣ್ಣು, ಓಲೆ, ಮೂಗುಬೊಟ್ಟು ಎಲ್ಲ ಸ್ಪಷ್ಟ. ಬಾಯಿ ಮಾತ್ರ ಮಸುಕು. ನನ್ನ ಮುಖ ನೋಡುತ್ತ ಅಜ್ಜಿಗೆ ಅರ್ಧ ನಿಮಿಷವೂ ನಗು ತಡೆಯಲಾಗಲಿಲ್ಲ. ಬಾಯಿ ಯಾಕೆ ಮಸುಕು ಎಂದು ಗಿರಾಕಿಗಳು ಕೇಳಿದರೆ ಮಾತ್ರ, ಲೆನ್ಸು ಹಳೆಯದು ಎನ್ನುತ್ತೇನೆ.