ಭಾಲ್ಕಿಗೆ ಬಂದ ಕಡಲ ಉಸುಕು

ಚೌಬಾರಾ ಗೋಪುರದಿಂದ ಇಳಿಯುವ ಒಂದು ಸಂದಿಯಲ್ಲಿ ಮೊನ್ನೆ ಕಮಲನಗರದ ಕಡೆಯ ಹೆಂಗಸೊಬ್ಬಳು ಗೋಣಿತಟ್ಟು ಹಾಸಿ ಒಣ ಸಿಗಡಿ ಮಾರುತ್ತ ಕೂತಿದ್ದಳು. ಬೀದರಿನ ಬಿಸಿಲಿಗೆ ಆ ವಾಸನೆ ಸಂದಿಯ ತುಂಬ ಹಬ್ಬಿ, ಹೋಗುವವರು ಬರುವವರು ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ದಾಟುತ್ತಿದ್ದರು. ನಾನು ಮಾತ್ರ ನಿಂತುಬಿಟ್ಟೆ. ಇದೇ ವಾಸನೆ ಒಂದು ಬೇಸಿಗೆಯ ಮಧ್ಯಾಹ್ನ ಭಾಲ್ಕಿಯ ಶರಣರ ಮನೆಯೊಂದರ ಪಡಸಾಲೆಯನ್ನು ತುಂಬಿತ್ತು. ಆ ಮನೆಯವರು ಈರುಳ್ಳಿ ಹೆಚ್ಚಿದ ಈಳಿಗೆಯನ್ನೂ ತೊಳೆದು ಬಿಸಿಲಿಗಿಡುವ ಜನ...

ಅದು ನಮ್ಮ ಅಕ್ಕೋರ ಮನೆ. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಾನು ನಮ್ಮ ಹಳ್ಳಿ ಡಾಬಕಾದಿಂದ ಭಾಲ್ಕಿಯ ಕಾಲೇಜಿಗೆ ಬಂದಾಗ ಅವರು ನಮಗೆ ಭೂವಿಜ್ಞಾನ ಹೇಳುತ್ತಿದ್ದರು. ಕುರಿ ಕಾಯುವವರ ಮಗ ನಾನು. ಕಲ್ಲು ಎಂದರೆ ಕುರಿಗೆ ಎಸೆಯುವ ವಸ್ತು ಎಂದಷ್ಟೇ ಗೊತ್ತಿತ್ತು. ಮುಂದೆ ಅವರು ಕಾಲೇಜು ಬಿಟ್ಟು ಕರಾವಳಿಗೆ ಹೋಗಿ, ಕಡಲ ತಳದ ಉಸುಕಿನ ಅಧ್ಯಯನದಲ್ಲಿ ಹೆಸರು ಮಾಡಿದರು. ಕೆಲವು ವರ್ಷಗಳಾದ ಮೇಲೆ ನನ್ನನ್ನೂ ಅಲ್ಲಿಗೆ ಎಳೆದುಕೊಂಡರು. ಮಂಜ್ರಾ ಹೊಳೆಗಿಂತ ದೊಡ್ಡ ನೀರು ನೋಡಿರದ ನಾವಿಬ್ಬರು ಸಮುದ್ರಕ್ಕೆ ವೈದ್ಯ ಮಾಡಲು ಹೊರಟಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಅಕ್ಕೋರಿಗೆ ಒಂದು ಪದ್ಧತಿ ಇತ್ತು. ಹಸಿದ ಹೊಟ್ಟೆಗೆ ಯಾರಿಗೂ 'ಇಲ್ಲ' ಎನ್ನುತ್ತಿರಲಿಲ್ಲ. ಅದು ಅವರ ತಾಯಿಯಿಂದ ಬಂದದ್ದಂತೆ. ಕೆಟ್ಟ ಸುದ್ದಿ ಹೇಳುವುದಿದ್ದರೆ ಮೊದಲು ಊಟಕ್ಕೆ ಕರೆಯುತ್ತಿದ್ದರು, ಕೈ ತೊಳೆದ ಮೇಲೆ ಬಾಯಿ ಬಿಡುತ್ತಿದ್ದರು. ನಾನು ಮೊದಲ ವರ್ಷ ನಪಾಸಾದ ಸುದ್ದಿಯನ್ನು ತುಪ್ಪ ಹಾಕಿದ ಹೋಳಿಗೆ ತಿಂದ ಮೇಲೆ ಕೇಳಿದವನು. "ಅಕ್ಕೋರು ಊಟಕ್ಕ ಕರದ್ರಂದ್ರ ವರ್ಷ ಹೋತು ತಿಳಿ" ಎಂದು ನಮ್ಮ ಹುಡುಗರು ನಗುತ್ತಿದ್ದರು. ಕರೆ ಬಂದವನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಸಿಗಡಿ ವಾಸನೆಯ ಆ ಬೇಸಿಗೆಯ ಹೊತ್ತಿಗೆ ಅಕ್ಕೋರು ನಿವೃತ್ತರಾಗಿ ಭಾಲ್ಕಿಗೆ ಬಂದು ತಂಗಿಯ ಜೊತೆ ಇದ್ದರು. ಎದೆನೋವು ಕಾಣಿಸಿಕೊಂಡಿದ್ದರಿಂದ ದೂರದ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರು. ಆದರೂ ಕಡಲ ದಂಡೆ ಕಾಯುವ ನಮ್ಮ ಕಚೇರಿಯ ಯೋಜನೆಗಳಿಗೆ ಸಲಹೆಗಾರರಾಗಿ ಅವರ ಸಹಿ ಬೇಕೇ ಬೇಕಿತ್ತು. ಆ ವರ್ಷ ಕಡಲು ಒಂದು ಮೀನುಗಾರರ ಕೇರಿಯನ್ನು ತಿನ್ನುತ್ತಿತ್ತು. ಕಡಲ ತಳದಿಂದ ಉಸುಕು, ಗರಸಿನ ಸಣ್ಣಕಲ್ಲು ಎತ್ತಿ, ಹಡಗಿನಲ್ಲಿ ತಂದು, ಕೊರೆದುಹೋದ ದಂಡೆಗೆ ಸುರಿಯಬೇಕು. ಸುರಿಯುವುದರ ಬಗ್ಗೆ ಯಾರ ತಕರಾರೂ ಇರಲಿಲ್ಲ. ಎಲ್ಲಿಂದ ಎತ್ತಬೇಕು ಎನ್ನುವುದೇ ಜಗಳ. ದಂಡೆಗೆ ಹತ್ತಿರ, ನೀರಿನ ಕೆಳಗೆ ಒಂದು ಉಸುಕಿನ ದಿಬ್ಬ ಇತ್ತು. ಅಲ್ಲಿಂದಾದರೆ ಮಳೆಗಾಲದೊಳಗೆ ಇಡೀ ದಂಡೆ ತುಂಬುತ್ತಿತ್ತು. ದೂರದಲ್ಲಿ, ಆಳದಲ್ಲಿ ಇನ್ನೊಂದು ದಿಬ್ಬ. ಅಲ್ಲಿಂದ ತರುವುದಾದರೆ ಮಳೆಯ ಮೊದಲು ಪೂರಾ ದಂಡೆ ಮುಗಿಯುತ್ತಿರಲಿಲ್ಲ. ಕಚೇರಿ ಹತ್ತಿರದ್ದನ್ನೇ ಗುರುತು ಮಾಡಿತ್ತು. ಅಕ್ಕೋರು ಸಹಿ ಹಾಕಿರಲಿಲ್ಲ.

ನಕ್ಷೆ, ಎರಡೂ ದಿಬ್ಬಗಳ ಉಸುಕಿನ ಚೀಲ ಹಿಡಿದು ಭಾಲ್ಕಿಗೆ ಹೋಗಿ ಸಹಿ ತಾ ಎಂದು ನನ್ನನ್ನು ಕಳಿಸಿದರು. ಹೊರಡುವ ಹೊತ್ತಿಗೆ ಆ ಕೇರಿಯ ಹಿರಿಯರೊಬ್ಬರು ಬಂದು ನಿಂತರು. ಅಲ್ಲಿಯವರು ಅವರನ್ನು ಗುರಿಕಾರರು ಎನ್ನುತ್ತಿದ್ದರು. ಹತ್ತು ಮನೆಯ ಮಾತು ಅವರ ಬಾಯಲ್ಲಿ. "ಆ ಅಮ್ಮನ ಮುಖ ನಾನು ನೋಡಬೇಕು ಮಾರಾಯ್ರೆ, ನಾನೂ ಬರ್ತೇನೆ" ಎಂದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರ ಮನೆಯ ಕಡಲ ಕಡೆಯ ಬಾಗಿಲನ್ನು ಹಿಂದಿನ ವರ್ಷವೇ ಗೋಡೆ ಕಟ್ಟಿ ಮುಚ್ಚಿದ್ದರು. ಬಾವಿಯ ನೀರು ಉಪ್ಪಾಗಿತ್ತು. ರಾತ್ರಿ ಮಲಗಿದರೆ ತಲೆದಿಂಬಿನ ಕೆಳಗೆ ಕಡಲು ಕೇಳಿಸುತ್ತದೆ ಎಂದು ರೈಲಿನಲ್ಲಿ ಹೇಳಿದರು.

ಭಾಲ್ಕಿಯ ಸ್ಟೇಷನ್ನಿನಲ್ಲಿ ಇಳಿದಾಗ ನೆಲದಿಂದ ಝಳ ಏಳುತ್ತಿತ್ತು. ಗುರಿಕಾರರು ಸುತ್ತ ನೋಡಿ, "ಇಲ್ಲಿ ಕೂತು ಕಡಲು ನೋಡುವುದು ಹೇಗೆ?" ಎಂದರು. ನನಗೂ ಅಕ್ಕೋರ ಮೇಲೆ ಸಿಟ್ಟಿತ್ತು. ದಿನವೂ ಆ ಮನೆಗಳನ್ನು ನೋಡುತ್ತಿದ್ದವನು ನಾನು, ಅವರಲ್ಲ.

ಪಡಸಾಲೆಯಲ್ಲಿ ಕೂತ ಕೂಡಲೇ ಗುರಿಕಾರರು ಕೈಚೀಲದಿಂದ ಬಾಳೆನಾರು ಸುತ್ತಿದ ಪೊಟ್ಟಣ ತೆಗೆದು ಅಕ್ಕೋರ ಕೈಗಿತ್ತರು. ತಮ್ಮ ಹೆಂಡತಿ ಕೈಯಾರೆ ಒಣಗಿಸಿದ ಸಿಗಡಿ, ಒಳ್ಳೆಯ ಮಾಲು ಎಂದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ ಇರುವ ಹೆಂಗಸಿಗೆ ಇದನ್ನು ಕೊಡಬಾರದು ಎಂದು ದಾರಿಯಲ್ಲಿ ನಾನಾದರೂ ಹೇಳಬೇಕಿತ್ತು. ಅವರು ತಂದದ್ದೇ ನನಗೆ ಗೊತ್ತಿರಲಿಲ್ಲ. ಒಳಗಿನಿಂದ ಬಂದ ತಂಗಿ ಹೊಸ್ತಿಲಲ್ಲೇ ನಿಂತು ಸೆರಗು ಮೂಗಿಗೆ ಒತ್ತಿಕೊಂಡರು. ಅಕ್ಕೋರು ಮಾತ್ರ ಎರಡೂ ಕೈಯಿಂದ ತೆಗೆದುಕೊಂಡು ತಮ್ಮ ಪಕ್ಕದಲ್ಲೇ ಇಟ್ಟುಕೊಂಡರು.

"ಮನಿಯಾಕಿ ಕಳಿಸ್ಯಾಳಂದ್ರ ಬ್ಯಾಡ ಅನ್ನೂದು ಹ್ಯಾಂಗ್ರಿ? ನಾವು ತಿನ್ನಲ್ಲರಿ, ಆದರ ಇಂವ ಡಾಬಕಾದಾಂವ, ಬಿಡಲ್ಲ" ಎಂದು ನನ್ನ ಕಡೆ ನೋಡಿ ನಕ್ಕರು. ಗುರಿಕಾರರು ನಾಚಿ ನಾಲಗೆ ಕಚ್ಚಿಕೊಂಡರು. ಆಮೇಲೆ ಅವರೂ ನಕ್ಕರು. ನಾನು ಹಗುರಾದೆ. ಇನ್ನೇನು ಸಹಿ ಸಿಕ್ಕೇಬಿಟ್ಟಿತು ಎಂದುಕೊಂಡೆ.

ಆಗ ಅಕ್ಕೋರು ತಂಗಿಗೆ, "ಎಲಿ ಹಾಕು. ದೂರದಿಂದ ಬಂದಾರ, ಮೊದಲ ಊಟ ಮಾಡ್ಲಿ" ಎಂದರು.

ಗುರಿಕಾರರ ಮುಖ ಅರಳಿತು. ಅವರಿಗೆ ಆ ಊಟದ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆ ಊಟ ಮುಗಿಯಲೇ ಇಲ್ಲ ಎನಿಸುತ್ತದೆ... ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ರೊಟ್ಟಿ ಮುರಿಯಲು ಬಾರದ ಗುರಿಕಾರರಿಗೆಂದು ಅಕ್ಕೋರು ಅನ್ನ ಮಾಡಿಸಿದರು. ಗುರಿಕಾರರು ಉಣ್ಣುತ್ತ ಹುರುಪಿನಿಂದ ಮನೆಯ ಸುದ್ದಿ ಹೇಳಿದರು. ಅಪ್ಪ ಒಂದೊಂದೇ ಕೆಂಪುಕಲ್ಲು ದೋಣಿಯಲ್ಲಿ ತಂದು ಕಟ್ಟಿದ್ದು, ಬಲೆ ನೇಯುವ ಜಗಲಿ, ಅಮ್ಮ ಪ್ರಾಣ ಬಿಟ್ಟ ಕೋಣೆ. ದಂಡೆ ತುಂಬಿದ ಮೇಲೆ ಮುಚ್ಚಿದ ಬಾಗಿಲನ್ನು ಮತ್ತೆ ಒಡೆದು ತೆಗೆಯುತ್ತೇನೆ ಎಂದರು. ಅಕ್ಕೋರು ಒಂದು ಮಾತೂ ಬಿಡದೆ ಕೇಳುತ್ತಿದ್ದರು, ನಡುನಡುವೆ ಮೊಸರು ಬಡಿಸುತ್ತಿದ್ದರು. ಗುರಿಕಾರರನ್ನು ಅಲ್ಲೇ ತಡೆದು, ಬಾಗಿಲಿನ ಮಾತು ಬೇಡ ಎನ್ನಬೇಕು ಎಂದು ನನಗೆ ಅನಿಸುತ್ತಿತ್ತು.

ಕೈ ತೊಳೆದಾದ ಮೇಲೆ ಅಕ್ಕೋರು ಎಲೆ ಅಡಿಕೆಯ ತಟ್ಟೆಯನ್ನು ಗುರಿಕಾರರ ಮುಂದೆ ಸರಿಸಿದರು. ನಕ್ಷೆ ಬಿಡಿಸಿ, ಎರಡು ಚೀಲಗಳ ಉಸುಕನ್ನು ಎರಡು ಅಗಲ ಪರಾತಿನ ತಟ್ಟೆಗಳಲ್ಲಿ ಸುರಿಸಿದರು. ಹತ್ತಿರದ ದಿಬ್ಬದ್ದು ಹಿಟ್ಟಿನಂತೆ ನುಣುಪು. ದೂರದ್ದು ಒರಟು, ನಡುವೆ ಗರಸು, ಚಿಪ್ಪಿನ ಚೂರು. ತಂಬಿಗೆಯಿಂದ ನೀರು ಹನಿಸಿ ತೋರಿಸಿದರು. ನುಣುಪು ಉಸುಕು ನೀರಿನ ಜೊತೆ ಹರಿದುಹೋಯಿತು. ಒರಟು ಉಸುಕು ಕೂತಲ್ಲೇ ಕೂತಿತು.

"ಈ ನುಣುಪು ಉಸುಕು ನಿಮ್ಮ ದಂಡಿಗಿ ಒಂದು ಮಳಿಗಾಲ ನಿಲ್ಲಲ್ಲರಿ. ಅದಲ್ಲದ, ಹತ್ತಿರದ ದಿಬ್ಬ ಅದ ನೋಡ್ರಿ, ಕಡಲ ತೆರಿ ಬಂದು ಮೊದಲ ಅದಕ್ಕ ಬಡಿತಾವ. ಅದರ ಸೊಂಟ ಮುರದ್ರ ತೆರಿ ಸೀದಾ ನಿಮ್ಮ ಕೇರಿಗೇ ಬರ್ತಾವ. ಸಿಗಡಿ ಮರಿ ಮಾಡೂದೂ ಅಲ್ಲೇ. ಹಬ್ಬ ಬಂತಂತ ಗಬ್ಬದ ಕುರಿ ಕಡೀತಾರೇನ್ರಿ?"

ಕುರಿಯ ಮಾಂಸದ ವಾಸನೆಯನ್ನೂ ಕಂಡಿರದ ಅಕ್ಕೋರು ಉದಾಹರಣೆಗೆ ಮಾತ್ರ ಯಾವಾಗಲೂ ಕುರಿಯನ್ನೇ ಹಿಡಿಯುತ್ತಿದ್ದರು. ಅವತ್ತು ನನಗೆ ನಗು ಬರಲಿಲ್ಲ.

ಗುರಿಕಾರರ ಕೈ ಎಲೆಯ ತಟ್ಟೆಯ ಹತ್ತಿರ ಹೋಗಿದ್ದು ಹಿಂದೆ ಬಂತು. "ಸಿಗಡಿ ಬರುವ ವರ್ಷಕ್ಕೆ ಅಮ್ಮ. ನನಗೆ ಮನೆ ಈ ವರ್ಷಕ್ಕೆ ಬೇಕು" ಎಂದರು.

"ಗೊತ್ತದರಿ" ಎಂದರು ಅಕ್ಕೋರು. "ಅದಕ್ಕ ಸುತ್ತಿ ಬಳಸಿ ಮಾತಾಡಲ್ಲ. ಉಸುಕು ದೂರದ ದಿಬ್ಬದಿಂದ ಬರ್ತದ. ಅಲ್ಲಿನೂ ಪೂರಾ ತೆಗಿಯಲ್ಲ, ನಡುವ ನಡುವ ಪಟ್ಟಿ ಬಿಟ್ಟು ತೆಗೀತಾರ. ಹೊಳಿ ಬಾಯಿ ಕಡಿಂದ ಸುರೀಬೇಕು. ಅಲ್ಲಿ ಸುರದ್ರ ತೆರಿನೇ ಮುಂದಕ್ಕ ಒಯ್ದು ಹರವ್ತಾವ. ನಿಮ್ಮ ಮನಿಗಳು ಆ ಕಡಿ ತುದಿಗಿ ಅವ. ಅಲ್ಲಿ ಮುಟ್ಟೂದ್ರಾಗ ಮಳಿ ಬರ್ತದ. ಆ ಮನಿಗಳು ಉಳಿಯಲ್ಲರಿ. ಖಾಲಿ ಮಾಡ್ರಿ."

ಗುರಿಕಾರರು ನಕ್ಷೆಯಲ್ಲಿ ತಮ್ಮ ಮನೆ ಹುಡುಕುತ್ತಿದ್ದರು. ಅದು ಅಲ್ಲಿ ಒಂದು ಚುಕ್ಕೆ. ನನಗೆ ತಡೆಯಲಾಗಲಿಲ್ಲ.

"ಅಕ್ಕೋರೆ, ಆ ತುದಿಗೆ ಆಗುವಷ್ಟು ಮಾತ್ರ ಹತ್ತಿರದ ದಿಬ್ಬದಿಂದ ತೆಗೆಯೋಣರಿ. ಒಂದು ಪದರ. ಇವರ ಮನಿಗಳಿಗೆ ಮಾತ್ರ."

"ಒಂದು ಸರ್ತಿ ಅಲ್ಲಿ ಬಾಯಿ ಹಾಕಿದ ಹಡಗ ಒಂದು ಪದರಕ್ಕ ಏಳ್ತದೇನು? ಹತ್ತಿರದ ಮಾಲು, ಖರ್ಚು ಕಡಿಮಿ. ಇವತ್ತ ಇವರ ಹೆಸರಲೆ, ನಾಳಿ ಇನ್ನೊಬ್ಬರ ಹೆಸರಲೆ. ಆಮ್ಯಾಲ ಕೇರಿನೇ ಇರಲ್ಲ. ನೀನು ಸುಮ್ಮನ ಕೂಡು."

ನಾನು ಸುಮ್ಮನಿರಲಿಲ್ಲ. ಇಲ್ಲಿ ನೆರಳಲ್ಲಿ ಕೂತು ಹೇಳುವುದು ಸುಲಭ ಎಂದೆ. ಅಕ್ಕೋರು ನನ್ನನ್ನು ನೋಡಲೂ ಇಲ್ಲ, ಗುರಿಕಾರರನ್ನು ನೋಡಿದರು. ಅಕ್ಕೋರ ಕಣ್ಣು ಕೆಂಪಾಗಿತ್ತು. "ಅಂವ ಅಂದದ್ದು ಖರೇ ಅದರಿ. ನನ್ನ ಮನಿ ಹೋಗಲ್ಲ, ನಿಮ್ಮದು ಹೋಗ್ತದ. ಅದಕ್ಕ ಕಾಗದ ಕಳಿಸದ ನಿಮ್ಮ ಮುಂದ ಹೇಳಿದೆ. ಏನರ ಅನ್ನೂದಿದ್ರ ಅಂದುಬಿಡ್ರಿ" ಎಂದರು. ನಕ್ಷೆಯಲ್ಲಿ ಹತ್ತಿರದ ದಿಬ್ಬದ ಮೇಲೆ ಅಡ್ಡಗೆರೆ ಎಳೆದರು. ದೂರದ ದಿಬ್ಬಕ್ಕೆ ಗುರುತು ಹಾಕಿ ಕೆಳಗೆ ಸಹಿ ಮಾಡಿದರು.

ಗುರಿಕಾರರು ಏನೂ ಅನ್ನಲಿಲ್ಲ. ಎದ್ದರು, ಚಪ್ಪಲಿ ಮೆಟ್ಟಿದರು, ಹೊರಟರು. ಎಲೆ ಅಡಿಕೆ ತಟ್ಟೆಯಲ್ಲೇ ಉಳಿಯಿತು. "ಜಲ್ದಿ ಹೋಗು, ಒಬ್ಬರನ್ನ ಬಿಡಬ್ಯಾಡ" ಎಂದು ಅಕ್ಕೋರು ನನ್ನನ್ನು ಅಟ್ಟಿದರು. ಸ್ಟೇಷನ್ನಿನ ಬೆಂಚಿನ ಮೇಲೆ ಗುರಿಕಾರರು ನನಗೆ ಬೆನ್ನು ಮಾಡಿ ಕೂತರು.

ಹಡಗು ಬಂತು. ಹೊಳೆಯ ಬಾಯಿಯಿಂದ ದಂಡೆ ತುಂಬುತ್ತ ಹೋಯಿತು, ಕೇರಿಯ ಹೆಚ್ಚಿನ ಮನೆಗಳನ್ನು ದಾಟಿತು. ತುದಿ ಇನ್ನೂ ದೂರವಿರುವಾಗಲೇ ಗಾಳಿ ಎದ್ದು ಹಡಗು ಬಂದರಿಗೆ ಓಡಿತು. ಒಂದು ಹಗಲು, ಎಲ್ಲರೂ ನೋಡುತ್ತಿರುವಾಗಲೇ, ಆ ತುದಿಯ ಮನೆಗಳು ಒಂದರ ಹಿಂದೆ ಒಂದು ಕುಸಿದವು. ಗುರಿಕಾರರು ಸಾಮಾನು ಮೊದಲೇ ತೆಗೆದಿದ್ದರು. ಜಗಲಿ ಹೋಗುವಾಗ ಛತ್ರಿ ಹಿಡಿದು ನಿಂತೇ ಇದ್ದರು.

ಅಲ್ಲಿಂದಲೇ ಭಾಲ್ಕಿಗೆ ಫೋನ್ ಹಚ್ಚಿದೆ. ಅಕ್ಕೋರು ಮೊದಲು ಕೇಳಿದ್ದು "ಮಂದಿ?" ಎಂದು. ಎಲ್ಲರೂ ಆರಾಮ ಎಂದೆ. ಆಮೇಲೆ ಗುರಿಕಾರರನ್ನು ನೆನೆದು, "ಅವರು ಏನರ ಅಂದ್ರೇನು?" ಎಂದರು. ಇಲ್ಲ ಎಂದೆ.

ಮುಂದಿನ ವರ್ಷ ಅಲೆಗಳೇ ಉಸುಕನ್ನು ಆ ತುದಿಗೂ ಒಯ್ದು ಹರವಿದವು. ಮನೆಗಳಿದ್ದ ಜಾಗದಲ್ಲಿ ಅಗಲವಾದ ದಂಡೆ ಬಂತು. ಉಳಿದ ಕೇರಿ ಇವತ್ತಿಗೂ ನಿಂತಿದೆ, ಹತ್ತಿರದ ದಿಬ್ಬವೂ ಇದೆ. ಇದನ್ನೆಲ್ಲ ನಾನು ಭಾಲ್ಕಿಗೆ ಹೋದಾಗಲೆಲ್ಲ ಒಪ್ಪಿಸುತ್ತಿದ್ದೆ. ಅಕ್ಕೋರು ತಲೆಯಾಡಿಸುತ್ತಿದ್ದರು. ಎಲ್ಲ ಕೇಳಿದ ಮೇಲೆ ಅದೇ ಪ್ರಶ್ನೆ. "ಅವರು ಏನರ ಅಂದ್ರೇನು?" ಒಮ್ಮೆ ನಾನು ರೇಗಿ, "ಅವರು ಏನೂ ಅನ್ನಲ್ಲರಿ, ಬಿಡ್ರಿ ಇನ್ನ" ಎಂದುಬಿಟ್ಟೆ. "ಬೈದಿದ್ರ ಚಲೋ ಇತ್ತು" ಎಂದರು, ಅಷ್ಟೇ.

ಹೋದ ಚಳಿಗಾಲದಲ್ಲಿ ಅಕ್ಕೋರು ಲಿಂಗೈಕ್ಯರಾದರು. ಅವರ ಹೊಲದಲ್ಲೇ ಮಣ್ಣು ಮಾಡಿದರು. ತಂಗಿ ಸಾಯಗಾಂವದ ಸಂಬಂಧಿಕರ ಕಡೆ ಹೋದರು, ಮನೆಗೆ ಬೀಗ ಬಿತ್ತು. ಕರಾವಳಿಯ ನೌಕರಿ ಮುಗಿಸಿ ಬೀದರಿಗೆ ಬಂದಿದ್ದ ನಾನು ಗುರಿಕಾರರಿಗೆ ಸುದ್ದಿ ಮುಟ್ಟಿಸಿರಲಿಲ್ಲ. ಏನೆಂದು ಹೇಳುವುದು...

ಮೊನ್ನೆ ಆ ಸಂದಿಯಿಂದ ಮನೆಗೆ ಬಂದವನೇ ಗುರಿಕಾರರಿಗೆ ಫೋನ್ ಹಚ್ಚಿದೆ. ದನಿ ಮುದಿಯಾಗಿತ್ತು, ಆದರೂ ನನ್ನ ಗುರುತು ಹಿಡಿದರು. ಮಗಳ ಮನೆಯಲ್ಲಿದ್ದಾರಂತೆ, ಪೇಟೆಯ ಕಡೆ, ಕಡಲು ಕೇಳಿಸುವುದಿಲ್ಲವಂತೆ. ಅಕ್ಕೋರು ಹೋದರು ಎಂದೆ. ಗುರಿಕಾರರು ಹೇಳಿದರು:

"ಆ ಅಮ್ಮ ಹೇಳಿದ್ದು ಸರಿಯೇ ಮಾರಾಯ್ರೆ. ಆದ್ರೆ ಮನೆ ನಂದಲ್ವಾ."

ಫೋನ್ ಇಟ್ಟ ಮೇಲೂ ನನ್ನ ಬೆರಳು ತನ್ನಷ್ಟಕ್ಕೆ ಭಾಲ್ಕಿಯ ನಂಬರು ಹುಡುಕುತ್ತಿತ್ತು. ಇಷ್ಟು ವರ್ಷಗಳ ಮೇಲೆ ಗುರಿಕಾರರು ಒಂದು ಮಾತು ಅಂದಿದ್ದರು. ಅದನ್ನು ಕೇಳಬೇಕಾದವರು ಇರಲಿಲ್ಲ.