ಹೋಗಿ ಬರುವುದಕ್ಕೊಂದು ಅನುಮತಿ

ಈ ದೇಶದಲ್ಲಿ ನನ್ನನ್ನು ಯಾರೂ ಹೋಗಬೇಡ ಅನ್ನಲಿಲ್ಲ. ಹೋದರೆ ಮತ್ತೆ ಬರುವಂತಿಲ್ಲ ಅಂದರು, ಅಷ್ಟೆ. ಅದನ್ನೂ ನಗುನಗುತ್ತಲೇ ಅಂದರು.

ನಾನಿರುವುದು ಆಸ್ಟ್ರೇಲಿಯಾದ ಒಳನಾಡಿನ ಒಂದು ಸಣ್ಣ ಊರಿನಲ್ಲಿ. ಹುಣಸೂರು ಹತ್ತಿರದ ಬಿಳಿಕೆರೆಯಲ್ಲಿ ರಸ್ತೆ ಬದಿಯ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡಿಕೊಂಡಿದ್ದವನು ಇಲ್ಲಿ ಗೋಧಿ ಬೆಳೆಯುವವರ ಯಂತ್ರಗಳಿಗೆ ವೆಲ್ಡಿಂಗ್ ಮಾಡುತ್ತೇನೆ. ಹಳೆಯ ವೀಸಾ ಮುಗಿದಿದೆ, ಕಾಯಂ ಆಗಿ ನೆಲೆಸುವ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ನಡುವೆ ಒಂದು ತಾತ್ಕಾಲಿಕ ವೀಸಾ. ಅದನ್ನಿಟ್ಟುಕೊಂಡು ಇಲ್ಲಿ ಇರಬಹುದು, ದುಡಿಯಬಹುದು. ಗಡಿ ದಾಟಿದರೆ ಅಲ್ಲಿಗೇ ಮುಗಿಯಿತು. ಹೋಗಿ ಬರಬೇಕಾದರೆ ಕಾರಣ ತೋರಿಸಿ ಬೇರೆಯೇ ಅನುಮತಿ ಪಡೆಯಬೇಕು.

ನನಗೆ ಕಾರಣವಿತ್ತು. ಬೈಲಕುಪ್ಪೆ ಪಕ್ಕದ ಹಳ್ಳಿಯಲ್ಲಿರುವ ನನ್ನ ಅಕ್ಕ ಜಯಮ್ಮನ ಮಗಳು ರಮ್ಯಾಳ ಮದುವೆ. ಅವಳಿಗೆ ನಾನೊಬ್ಬನೇ ಸೋದರಮಾವ. ಹೆಣ್ಣಿನ ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ನಾನು. ಇದನ್ನು ಇಲ್ಲಿಯ ಅಧಿಕಾರಿಗೆ ಹೇಗಪ್ಪಾ ತಿಳಿಸುವುದು? ವೀಸಾ ಏಜೆಂಟ್ ಹೆಂಗಸು ಮದುವೆ ಕಾರ್ಡ್ ಕೊಟ್ಟರೆ ಸಾಕೆಂದಳು, ಕೊನೆಗೆ "ನೋ ವರೀಸ್" ಎಂದು ಸೇರಿಸಿದಳು. ಚಿಂತೆ ಬೇಡ ಎಂಬ ಈ ಮಾತನ್ನು ಇಲ್ಲಿಯವರು ಉಸಿರಿಗೊಮ್ಮೆ ಆಡುತ್ತಾರೆ. ನನಗೋ ಅದು ಕಿವಿಗೆ ಬಿದ್ದರೇ ಚಿಂತೆ ಶುರು. ನಮ್ಮ ಕಡೆ "ಆಯ್ತದೆ ಬುಡಿ" ಅಂದ ಕೆಲಸ ಯಾವತ್ತಾದರೂ ಆಗಿದ್ದುಂಟೆ?

ಅಕ್ಕನಿಗೆ ಫೋನ್ ಮಾಡಿ ಲಗ್ನಪತ್ರಿಕೆಯ ಫೋಟೊ ಕಳಿಸು ಅಂದೆ.

"ಮನೆದೇವ್ರ ಮುಂದೆ ಇಟ್ಟು ಪೂಜೆ ಮಾಡಿಸ್ದೆ ಪತ್ರಿಕೆ ಆಚೆ ಕೊಡಕಾಯ್ತದಾ? ವಸಿ ತಡಿಲಾ."

ನಿಜ, ನಮ್ಮಲ್ಲಿ ಮೊದಲ ಪತ್ರಿಕೆ ದೇವರಿಗೆ. ಕಾದೆ. ಮತ್ತೆ ಕೇಳಿದರೆ ಪೂಜಾರಿ ಊರಲ್ಲಿಲ್ಲ. ಇನ್ನೊಮ್ಮೆ ಕೇಳಿದರೆ ಭಾವನಿಗೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಹುಣಸೂರಿನ ಗೆಳೆಯನೊಬ್ಬ "ನಿಮ್ಮಕ್ಕ ಪತ್ರಿಕೆ ಕೊಟ್ಟೋದ್ರು ಕಣ್ಲಾ, ಯಾವಾಗ ಬತ್ತೀಯಾ?" ಎಂದು ಅದರ ಫೋಟೊವನ್ನೇ ಕಳಿಸಿದ!

ಮೈಯೆಲ್ಲ ಉರಿದುಹೋಯಿತು. ಭಾವನ ಕಡೆಯವರದೇ ಕಿತಾಪತಿ ಅಂದುಕೊಂಡೆ. ಹಸೆಗೆ ಕರೆತರಲು ಬೇರೆ ಯಾರನ್ನೋ ಗೊತ್ತುಮಾಡಿರಬೇಕು. ದೂರ ಹೋದವನ ಜಾಗ ಖಾಲಿ ಇರುತ್ತದೆಯೇ? ಆಗಲೇ ಫೋನ್ ಮಾಡಿದೆ.

"ನಾನು ಬರೋದು ನಿಂಗೆ ಬ್ಯಾಡ್ವಾ? ನೆಟ್ಟಗೆ ಯೋಳ್ಬುಡಕ್ಕ."

"ಬ್ಯಾಡ ಕಣ್ಲಾ" ಅಂದಳು. ಆಮೇಲೆ ಬಿಕ್ಕಿದಳು.

ಅಕ್ಕನ ಜೋಳದ ಹೊಲದ ಪಕ್ಕದಲ್ಲೇ ಟಿಬೆಟನ್ ಕ್ಯಾಂಪಿನ ಡೋಲ್ಮಾಳ ಹೊಲ. ಇಬ್ಬರೂ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಸ್ನೇಹ.

"ಡೋಲ್ಮಕ್ಕ ಯೋಳುದ್ಲು. ಅವ್ರ ಜನ ಪರದೇಸಕ್ಕೋಗಕ್ಕೆ ಒಂದು ಕಾಗ್ದ ಬೇಕಂತೆ, ವಾಪಸ್ ಬರಕ್ಕೆ ಇನ್ನೊಂದಂತೆ. ಅದು ಸರಿಯಿಲ್ದಿದ್ರೆ ಬಾಗ್ಲಲ್ಲೇ ನಿಲ್ಲಿಸ್ಬುಡ್ತಾರಂತೆ. ನನ್ ಮಗಳ ಮದ್ವೆಗೆ ಅಂತ ನಿನ್ ಬದುಕು ಹಾಳಾಗೋದು ಬ್ಯಾಡ ಕಣಪ್ಪ."

ಎಲ್ಲರ ಮೇಲೂ ಅನುಮಾನಪಟ್ಟಿದ್ದೆ; ಅಕ್ಕ ನನಗಾಗಿ ಹೆದರಿದ್ದಾಳೆ ಎಂಬುದೊಂದೇ ತಲೆಗೆ ಹೊಳೆದಿರಲಿಲ್ಲ. ತುಂಬ ಸಿಟ್ಟು ಬಂತು, ನನ್ನ ಮೇಲೆಯೇ.

ಅಕ್ಕ ಬೇಡವೆಂದರೂ ಗೆಳೆಯ ಕಳಿಸಿದ ಪತ್ರಿಕೆಯನ್ನೇ ಏಜೆಂಟ್ ಹೆಂಗಸಿಗೆ ಕೊಟ್ಟೆ. ಅನುಮತಿ ಇ-ಮೇಲಿನಲ್ಲಿ ಬಂತು. ಮೊಹರಿಲ್ಲ, ರುಜುವಿಲ್ಲ! ಗುಂಡು ಸೀಲಿಲ್ಲದ ಕಾಗದವನ್ನು ನಮ್ಮೂರಲ್ಲಿ ಯಾರು ಮೂಸಿ ನೋಡುತ್ತಾರೆ? ಸೀಲೆಲ್ಲಿ ಎಂದು ಅವಳನ್ನು ಕೇಳಿದರೆ ಮತ್ತದೇ ನೋ ವರೀಸ್. ವಿಮಾನ ಹತ್ತಿದ ಮೇಲೂ ನನಗೆ ನಂಬಿಕೆ ಬರಲಿಲ್ಲ.

ಮದುವೆಯಲ್ಲಿ ಒಂದು ಕೈಯಲ್ಲಿ ರಮ್ಯಾಳ ಕೈ ಹಿಡಿದಿದ್ದೆ, ಇನ್ನೊಂದು ಕೈ ಅಂಗಿಯ ಒಳಜೇಬಿನ ಪಾಸ್‌ಪೋರ್ಟಿನ ಮೇಲಿತ್ತು. "ಮಾವ, ಅದ್ನ ಯಾರೂ ಕದಿಯಲ್ಲ ಬುಡು" ಎಂದು ಮದುಮಗಳೇ ಪಿಸುಗುಟ್ಟಿದಳು. ಊಟಕ್ಕೆ ಕೂತವರೆಲ್ಲ ಕೇಳಿದ್ದು ಒಂದೇ: ಯಾವಾಗ ಬಂದೆ, ಯಾವಾಗ ಹೊರಡ್ತೀಯಾ? ಇರುತ್ತೀಯಾ ಎಂದು ಯಾರೂ ಕೇಳಲಿಲ್ಲ.

ವಾಪಸು ಬಂದಾಗ ವಿಮಾನ ನಿಲ್ದಾಣದ ಅಧಿಕಾರಿ ನನ್ನನ್ನೊಮ್ಮೆ, ಕಂಪ್ಯೂಟರನ್ನೊಮ್ಮೆ ನೋಡಿದ. ಯಾಕೆ ಹೋಗಿದ್ದೆ ಅಂದ. ಅಕ್ಕನ ಮಗಳ ಮದುವೆ ಅಂದೆ. ಪಾಸ್‌ಪೋರ್ಟ್ ನನ್ನ ಕಡೆ ತಳ್ಳಿ ಒಳಗೆ ಬಿಟ್ಟ.

ಹೊರಬಂದವನೇ ಅಕ್ಕನಿಗೆ ಫೋನ್ ಮಾಡಿದೆ.

"ಒಳೀಕ್ ಬುಟ್ರಾ?"

"ಬುಟ್ರು ಕಣಕ್ಕ!" ಎಂದು ಕೂಗಿಯೇಬಿಟ್ಟೆ. ಅವಳು ಮನೆದೇವರಿಗೆ ಕೈಮುಗಿದದ್ದು ಅವಳ ದನಿಯಲ್ಲೇ ಗೊತ್ತಾಯಿತು.

ಅಕ್ಕನನ್ನು ಬಿಟ್ಟು ಬಂದ ದಿನ ನನಗೆ ಅಷ್ಟೊಂದು ಖುಷಿ ಯಾಕಾಯಿತು? ಈಗ ನನಗೆ ಅನುಮಾನ ಆ ಖುಷಿಯ ಮೇಲೆ.