ಅತ್ತೆಯ ಕೈ ಮುಖಪುಟಕ್ಕೆ ಬಂದದ್ದು

ಕಪ್ಪುಕುಳಿಯನ್ನು ನಾನೂ ಕಂಡಿಲ್ಲ, ನಮ್ಮ ಪತ್ರಿಕೆ ಓದುವವರೂ ಕಂಡಿಲ್ಲ. ಆದರೂ ಅದರ ಚಿತ್ರದಲ್ಲಿ ತಪ್ಪಾದರೆ ಫೋನಿನ ಮೇಲೆ ಫೋನು. ವಿಜ್ಞಾನದ ಮಾಸಪತ್ರಿಕೆಗೆ ಮುಖಪುಟ ಬರೆಯುವವರ ಸುಖ ಇಂಥದ್ದು. ಕಥೆಗೆ ಚಿತ್ರ ಬರೆಯುವವರು ನಾಯಕಿಗೆ ಆರು ಬೆರಳು ಬರೆದರೂ ಯಾರೂ ಕೇಳುವುದಿಲ್ಲ. ನಾನು ಬರೆದ ನೊಣದ ಕಾಲನ್ನು ಮಾತ್ರ ಎಲ್ಲರೂ ಎಣಿಸುತ್ತಾರೆ.

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಪತ್ರಿಕೆ ಹೊರಡುವುದು ನಮ್ಮ ಸಪ್ತಾಪುರ ಬಡಾವಣೆಯಲ್ಲೇ, ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರ ಮನೆಯ ಮುಂದಿನ ಕೋಣೆಯಿಂದ. ಸಂಪಾದಕರೂ ಅವರೇ, ಲಕೋಟೆಗೆ ಅಂಟು ಹಚ್ಚುವವರೂ ಅವರೇ. ನನ್ನ ಮೊದಲ ಮುಖಪುಟದಲ್ಲಿ ಬಿದಿಗೆ ಚಂದ್ರನ ಎರಡು ಕೊಂಬುಗಳ ನಡುವೆ ಅಂದವಾಗಿ ಒಂದು ನಕ್ಷತ್ರ ಇಟ್ಟಿದ್ದೆ. ಅವರು ಕನ್ನಡಕ ಏರಿಸಿ ನೋಡಿ, "ಅಲ್ಲಿ ಚಂದ್ರನ ಕತ್ತಲಿ ಭಾಗ ಇರತೈತ್ರಿ ಮೇಡಂ. ನಿಮ್ಮ ಚಿಕ್ಕಿ ಅವನ ಹೊಟ್ಯಾಗ ಹೊಕ್ಕೈತಿ" ಅಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದಿಷ್ಟು ದಿನ ಅವರ ಮನೆಯ ಓಣಿಯನ್ನೇ ಬಿಟ್ಟು ಸುತ್ತುಹಾಕಿ ಶಾಲೆಗೆ ಹೋದೆ.

ಆಮೇಲೆ ಒಂದು ಹಟ ಹಿಡಿದೆ. ಏನೇ ಬರೆದರೂ ಅದಕ್ಕೆ ಹೋಲುವ ಒಂದು ವಸ್ತು ಕಣ್ಣೆದುರು ಇರಬೇಕು, ನೋಡಿಯೇ ಬರೆಯಬೇಕು. ಡೈನೋಸಾರಿನ ಕುತ್ತಿಗೆಯ ಮಡಿಕೆಗೆ ಹಿಂದಿನ ಓಣಿಯ ಎಮ್ಮೆ ಒದಗಿತು. ಚಂದ್ರನ ನೆಲಕ್ಕೆ ಜೋಳದ ರೊಟ್ಟಿ ಸಾಕಾಯಿತು. ಸುಟ್ಟ ಕಲೆ, ಉಬ್ಬು, ತಗ್ಗು ಎಲ್ಲವೂ ಅದರಲ್ಲಿದ್ದವು. ತಾಟಿನಲ್ಲಿ ಆರಿ ಹೋಗುತ್ತಿದ್ದ ರೊಟ್ಟಿಯನ್ನೂ ಪೆನ್ಸಿಲ್ ಹಿಡಿದ ನನ್ನನ್ನೂ ನೋಡಿ ಅತ್ತೆ, "ನಾ ಇದನ್ನ ತಿನ್ನಾಕ ಬಡದೇನಿ, ನೋಡಾಕಲ್ಲ" ಅಂದರು.

ಅತ್ತೆ ಅಂದರೆ ನನ್ನ ಗಂಡನ ತಾಯಿ. ನಮ್ಮ ಜೊತೆಗೇ ಇದ್ದಾರೆ. ನಾನು ಚಿತ್ರ ಬರೆಯುವುದನ್ನು ಅವರು ಎಂದೂ ಕೆಲಸ ಅಂತ ಲೆಕ್ಕಕ್ಕೆ ಹಿಡಿದವರಲ್ಲ. ಯಾರಾದರೂ ಕೇಳಿದರೆ, "ಒಳಗ ಬಣ್ಣ ಕಲಸ್ಕೋತ ಕುಂತಾಳ" ಅನ್ನುವರು, ಸಣ್ಣ ಮಕ್ಕಳ ಬಗ್ಗೆ ಹೇಳುವ ದನಿಯಲ್ಲಿ.

ಆನುವಂಶಿಕತೆಯ ಮೇಲೆ ವಿಶೇಷ ಸಂಚಿಕೆ ಬಂತು. ಮುಖಪುಟದಲ್ಲಿ ಡಿಎನ್‌ಎ ಬರಲೇಬೇಕು. ಆ ಹೊಳೆಯುವ ನೀಲಿ ಏಣಿಯನ್ನು ಎಲ್ಲರೂ ಬರೆದು ಬರೆದು ಸವೆಸಿದ್ದಾರೆ. ನನಗೆ ಹೊಳೆದದ್ದು ಬೇರೆ: ವಯಸ್ಸಾದ ಹೆಂಗಸೊಬ್ಬಳು ಹತ್ತಿಯ ಎರಡು ಎಳೆ ಸೇರಿಸಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಳೆ, ಅವಳ ಕೈಯಿಂದ ಇಳಿದ ಬತ್ತಿ ಮೆಲ್ಲಗೆ ಡಿಎನ್‌ಎ ಆಗುತ್ತಿದೆ. ಹೆಂಗಸನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಪತ್ರಿಕೆಯಲ್ಲಿ ತಮ್ಮ ಚಿತ್ರ ಬರುತ್ತದೆ ಅಂದಕೂಡಲೇ ಅತ್ತೆಗೆ ನನ್ನ ಕೆಲಸ ಕೆಲಸವಾಗಿ ಕಂಡಿತು. ಟ್ರಂಕಿನಿಂದ ಇಳಕಲ್ ಸೀರೆ ಹೊರಬಂತು. ಕಿಟಕಿಯ ಬೆಳಕಿನಲ್ಲಿ ಮದುವಣಗಿತ್ತಿಯ ಹಾಗೆ ಬಿಗಿದುಕೊಂಡು ಕೂತರು. ಬತ್ತಿ ಮಾತ್ರ ಸಡಿಲ ಸಡಿಲವಾಗಿ ಬಿಚ್ಚಿಕೊಳ್ಳುತ್ತಿತ್ತು. "ಅತ್ತೀ, ನಾ ಇಲ್ಲೇ ಇಲ್ಲ ಅಂತ ತಿಳ್ಕೋರಿ. ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ" ಅಂದೆ. ಮಾತಾಡುತ್ತ ಆಡುತ್ತ ಅವರು ನನ್ನನ್ನು ಮರೆತರು, ಬತ್ತಿಯೂ ಬಿಗಿಯಾಯಿತು. ಗೆಣ್ಣು, ನರ, ಉಗುರಿನ ಬಿರುಕು ಎಲ್ಲವನ್ನೂ ಕಂಡಂತೆ ಬರೆದೆ. ನನ್ನ ಮಟ್ಟಿಗೆ ಅಷ್ಟು ಛಲೋ ಕೈಯನ್ನು ನಾನು ಮೊದಲು ಬರೆದಿರಲಿಲ್ಲ.

ಮುಗಿದ ಚಿತ್ರ ನೋಡಿ ಅತ್ತೆಯ ಮುಖ ಬಿಳಿಚಿಕೊಂಡಿತು.

"ಎಡಗೈ ತಗದೀಯಲ್ಲವಾ."

ನೋಡಿದೆ. ಹೌದು, ಎಡಗೈ. ಅತ್ತೆ ಎಡಚಿ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಉಣ್ಣುವುದು ಬಲಗೈ, ಬಡಿಸುವುದು ಬಲಗೈ. ಈಗ ನೆನಪು ಮಾಡಿಕೊಂಡರೆ, ಅಡುಗೆಮನೆಯಲ್ಲಿ ಜಿರಳೆ ಹೊಡೆಯುವಾಗ ಚಪ್ಪಲಿ ಎಡಗೈಯಲ್ಲಿರುತ್ತಿತ್ತು. ಕಂಡದ್ದನ್ನೇ ಬರೆಯುತ್ತೇನೆ ಅಂತ ಜಂಬ ಕೊಚ್ಚುವ ನಾನು ಒಂದೇ ಮನೆಯಲ್ಲಿದ್ದೂ ಇದನ್ನು ಕಂಡಿರಲಿಲ್ಲ.

ಸಣ್ಣವರಿದ್ದಾಗ ಅವರ ಆ ಕೈಯನ್ನು ಹಳೆಯ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟಿಡುತ್ತಿದ್ದರಂತೆ. ಕೈ ಬಲಕ್ಕೆ ಬಂತು ಅಂತ ಮನೆಯವರು ಬಿಟ್ಟರು. ಕದ್ದು ಉಳಿದದ್ದು ಬತ್ತಿ ಹೊಸೆಯುವುದೊಂದೇ, ಅದೂ ಬಾಗಿಲು ಮುಚ್ಚಿಕೊಂಡು. "ದೇವರ ಬತ್ತಿ ಎಡಗೈಲೆ ಹೊಸೀತೀನಿ ಅಂತ ಗೊತ್ತಾದ್ರ ಅಮ್ಮಿನಬಾವಿ ಅಕ್ಕ ನಮ್ಮ ಮನ್ಯಾಗ ನೀರೂ ಮುಟ್ಟಂಗಿಲ್ಲ" ಅಂದರು. ಅಮ್ಮಿನಬಾವಿಯ ಅಕ್ಕ ಅಂದರೆ ಆ ಊರಲ್ಲಿರುವ ಅತ್ತೆಯ ಒಡಹುಟ್ಟಿದ ಅಕ್ಕ, ಯಾರ ಮನೆಗೆ ಹೋದರೂ ಬಡಿಸುವವರ ಕೈ ನೋಡುವವರು. ಮುಖಪುಟದಲ್ಲಿ ತಾನು ಬರುತ್ತೇನೆ ಅಂತ ಅತ್ತೆ ಮೊದಲು ಫೋನು ಮಾಡಿದ್ದೂ ಅವರಿಗೇ. "ಕೈ ಬದಲಿ ಮಾಡಾಕ ಬರತೈತೇನು?" ಅಂತ ಕೇಳಿದರು. ಅತ್ತೆ ನನ್ನ ಹತ್ತಿರ ಏನನ್ನಾದರೂ ಅಷ್ಟು ಮೆತ್ತಗೆ ಕೇಳಿದ್ದು ಅದೇ ಮೊದಲು.

ನಾನು ಉತ್ತರ ಕೊಡುವ ಮೊದಲೇ ಸಂಪಾದಕರ ಫೋನು ಬಂತು. ಚಿತ್ರವನ್ನು ನಾನು ಆಗಲೇ ಅವರಿಗೆ ಕಳಿಸಿದ್ದೆ.

"ಮೇಡಂ, ಡಿಎನ್‌ಎ ಉಲ್ಟಾ ತಿರುಗೈತ್ರಿ."

ಡಿಎನ್‌ಎಯ ಎಳೆಗಳು ಮನೆಯಲ್ಲಿನ ಸ್ಕ್ರೂಗಳ ಹಾಗೆ ಬಲಸುತ್ತು. ಬಲಗೈಯವರ ಬತ್ತಿಯೂ ಹಾಗೇ ಸುತ್ತಿಕೊಳ್ಳುತ್ತದಂತೆ. ಎಡಗೈಯ ಅತ್ತೆಯದು ಅದಕ್ಕೆ ತಿರುವುಮುರುವು, ನಾನೋ ಕಂಡಂತೆ ಬರೆದವಳು. ಆಸ್ಪತ್ರೆ, ಕೋಚಿಂಗ್ ಕ್ಲಾಸುಗಳ ಫಲಕಗಳಲ್ಲಿ ಎಡಸುತ್ತಿನ ಡಿಎನ್‌ಎ ಹುಡುಕಿ ಹುಡುಕಿ ಸಂಪಾದಕರು ಹಿಂದೊಮ್ಮೆ ಇಡೀ ಪುಟ ಗೇಲಿ ಮಾಡಿದ್ದರು. ಈಗ ತಮ್ಮ ಮುಖಪುಟದಲ್ಲೇ ಅದು ಬಂದರೆ ತಲೆ ಎತ್ತುವ ಹಾಗಿರಲಿಲ್ಲ. ಆದರೆ ದನಿಯಲ್ಲಿ ಗಾಬರಿ ಇರಲಿಲ್ಲ. "ಕಂಪ್ಯೂಟರ್‌ನ್ಯಾಗ ಒಂದ ಕ್ಲಿಕ್ ರೀ. ಇಡೀ ಚಿತ್ರಾನ ಕನ್ನಡಿಯೊಳಗ ಕಂಡಂಗ ತಿರುಗಿಸಿಬಿಟ್ಟೇನಿ. ವಾಟ್ಸಾಪ್ ನೋಡ್ರಿ."

ನೋಡಿದೆವು. ಡಿಎನ್‌ಎ ಸರಿಯಾಗಿತ್ತು. ಅತ್ತೆಯ ಕೈ ಬಲಗೈ ಆಗಿತ್ತು. ಒಂದೇ ಏಟಿಗೆ ವಿಜ್ಞಾನವೂ ಉಳಿಯಿತು, ಅಮ್ಮಿನಬಾವಿಯೂ ಉಳಿಯಿತು. ನನಗೆ ಕುಣಿಯುವಷ್ಟು ಖುಷಿ. ಅತ್ತೆ ಮಾತ್ರ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಮೂಗುತಿ ಇನ್ನೊಂದು ಹೊಳ್ಳೆಗೆ ಹೋಗಿತ್ತು, ಗಲ್ಲದ ಮೇಲಿನ ಮಚ್ಚೆ ಆಚೆ ದಾಟಿತ್ತು, ಸೆರಗು ಬೇರೆ ಹೆಗಲಿಗೆ ಏರಿತ್ತು. ಫೋನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಮರುದಿನ ಮುಂಜಾನೆ ನಾನು ಶಾಲೆಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತರು.

"ಇಕಿ ನಾ ಅಲ್ಲ."

"ಡಿಎನ್‌ಎ ಸರಿ ಆಗೈತ್ರಿ. ನಿಮ್ಮ ಕೈನೂ ಸರಿ ಆತಲ್ಲ."

"ಸರಿ ಆತು? ಬಲಗೈಯಾಕಿ ಆಗೂದು ಇಷ್ಟ ಸರಳ ಇತ್ತಂದ್ರ ಅಷ್ಟು ದಿನಾ ನನ್ನ ಯಾಕ ಕಟ್ಟಿ ಹಾಕಿದ್ರು? ನನ್ನ ಮುಖಾ ಹಾಕೂದಿದ್ರ ನನ್ನ ಕೈನೂ ಹಾಕು. ಇಲ್ಲಂದ್ರ ಎರಡೂ ಬ್ಯಾಡ."

ಅಕ್ಕ ನೋಡುತ್ತಾರಲ್ಲ ಅಂದೆ. "ನೋಡ್ಲಿ ತಗೋ" ಅಂದರು. ದನಿ ಗಟ್ಟಿಯಾಗಿತ್ತು. ನನಗೆ ಅವರ ಮೇಲೆ ಅಂಥ ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಆ ದಿನ ಶಾಲೆಗೆ ರಜೆ ಹಾಕಿದೆ.

ಸಂಪಾದಕರು ಸ್ಕೂಟರ್ ಹಾಕಿಕೊಂಡು ಬಂದರು. ಹುಬ್ಬಳ್ಳಿಯ ಪ್ರೆಸ್ಸಿನವರು ಕಾಯುತ್ತಿದ್ದಾರೆ, ಎಡಸುತ್ತಿನ ಡಿಎನ್‌ಎ ಮಾತ್ರ ತಾನು ಸತ್ತರೂ ಹಾಕುವುದಿಲ್ಲ ಅಂದರು. "ಎತ್ತಾಗ ಸುತ್ತಬೇಕು ಅಷ್ಟ ತೋರಸ್ರಿ" ಅಂದರು ಅತ್ತೆ. ಅವರು ಜೇಬಿನಿಂದ ದೊಡ್ಡದೊಂದು ಸ್ಕ್ರೂ ತೆಗೆದು ತಾಟಿನಲ್ಲಿಟ್ಟರು. ಅತ್ತೆ ಎಡಗೈಯಲ್ಲೇ, ಇಷ್ಟು ವರ್ಷ ಹೊಸೆದದ್ದಕ್ಕೆ ಉಲ್ಟಾ ಹೊಸೆಯತೊಡಗಿದರು. ಮೊದಲ ಬತ್ತಿಗಳು ಹುಳುವಿನ ಹಾಗೆ ಮುದ್ದೆಯಾದವು. ಒಂದೊಂದು ಬತ್ತಿಯನ್ನೂ ಸಂಪಾದಕರು ಸ್ಕ್ರೂ ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು, ಪರೀಕ್ಷೆಯ ಮೇಲ್ವಿಚಾರಕರ ಮುಖ ಮಾಡಿ ತಲೆ ಅಲ್ಲಾಡಿಸುತ್ತಿದ್ದರು. "ಅವ್ವಾರ, ಇದು ಇನ್ನೂ ಎಡಕ್ಕೈತ್ರಿ." "ನಿಮ್ಮ ಕಣ್ಣ ಎಡಕ್ಕಾಗ್ಯಾವ, ಬೆಳಕಿಗೆ ಹಿಡೀರಿ." ಚಹಾ ಎರಡು ಸಲ ಆಯಿತು. ಕೊನೆಗೊಂದು ಬತ್ತಿ ಬಿಗಿಯಾಗಿ ಬಲಕ್ಕೆ ತಿರುಗಿ ಬಂತು. ಸಂಪಾದಕರು ಅದನ್ನು ಹೊರಳಿಸಿ ಹೊರಳಿಸಿ ನೋಡಿ, "ಪಾಸ್" ಅಂದರು. ನಾನು ಕೂತಲ್ಲೇ ಮೊದಲಿನ ಚಿತ್ರದ ಮುಖ ಉಳಿಸಿ, ಕೈ, ಬತ್ತಿ, ಡಿಎನ್‌ಎ ಮೂರನ್ನೂ ಹೊಸದಾಗಿ ಬರೆದೆ.

ಸಂಚಿಕೆ ಬಂತು. ಓದುಗರು ಕಾಯುತ್ತಲೇ ಇದ್ದರು, ಒಬ್ಬರಿಗೂ ತಪ್ಪು ಸಿಗಲಿಲ್ಲ.

ಮುಂದಿನ ವಾರ ಅಮ್ಮಿನಬಾವಿಯ ಅಕ್ಕ ಬಸ್ಸಿಳಿದು ಬಂದರು, ಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡು. ಕೂತವರೇ ಅದನ್ನು ತೊಡೆಯ ಮೇಲೆ ಹರಡಿ, ಮುಖ ಬಿಟ್ಟು ಕೈಯನ್ನಷ್ಟೇ ನೋಡಿದರು. ಅತ್ತೆ ಒಳಗಿನಿಂದ ನೀರಿನ ತಂಬಿಗೆ ತಂದರು. ಅಕ್ಕನ ಮುಂದೆ ಬಂದು ಒಂದು ಕ್ಷಣ ನಿಂತು, ತಂಬಿಗೆಯನ್ನು ಎಡಗೈಗೆ ಬದಲಿಸಿ ಚಾಚಿದರು.

ಅಕ್ಕ ತಂಬಿಗೆ ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ತೆಗೆದುಕೊಂಡು ಕುಡಿದರು, ಪೂರ್ತಿ.

"ಅವ್ವ ಕಟ್ಟು ಅಂತ ಬರೇ ಹೇಳತಿದ್ಲು" ಅಂದರು, ತಂಬಿಗೆ ಕೆಳಗಿಟ್ಟು. "ದಿನಾ ಮುಂಜಾನೆ ನಿನ್ನ ಕೈ ಕಟ್ಟತಿದ್ದಾಕಿ ನಾನ."

"ಗೊತ್ತೈತಿ" ಅಂದರು ಅತ್ತೆ. "ನೀ ಸಡ್ಲ ಕಟ್ಟತಿದ್ದಿ. ಅದಕ್ಕ ಉಳದೈತಿ ಈ ಕೈ."